ಮೊದಲು ಕೊಳ್ಳಬೇಕಾದದ್ದು ಕಾನಸು: ದೇವಾಪುರ ಸೀಮೆಯಲ್ಲಿ ಲೋಹಗೆಲಸದ ಹತ್ಯಾರಗಳ ಆಯ್ಕೆ ಕುರಿತು ಒಂದು ಟಿಪ್ಪಣಿ

ಮನೆಯ ಹಿತ್ತಲಲ್ಲೋ ಪಡಸಾಲೆಯ ಮೂಲೆಯಲ್ಲೋ ಲೋಹಗೆಲಸಕ್ಕೆ ಒಂದಿಷ್ಟು ಜಾಗ ಮಾಡಿಕೊಂಡವರು ಪೇಟೆಗೆ ಹೋದಾಗ ಮೊದಲು ವಿಚಾರಿಸುವುದು ಬೆಂಚ್ ವೈಸನ್ನು, ಇಲ್ಲವೇ ನೂರು ತುಂಡುಗಳ ಪಾನಾ ಪೆಟ್ಟಿಗೆಯನ್ನು. ಈ ಟಿಪ್ಪಣಿಯ ವಾದ ಬೇರೆ. ಮೊದಲು ಕೊಳ್ಳಬೇಕಾದದ್ದು ಒಂದು ಒಳ್ಳೆಯ ಕಾನಸು, ಅಂದರೆ ಲೋಹ ಉಜ್ಜುವ ಅರ. ಅದು ಕೆಲಸ ಮಾಡುವ ಹತ್ಯಾರವಷ್ಟೇ ಅಲ್ಲ, ಉಳಿದ ಹತ್ಯಾರಗಳ ಗುಣವನ್ನು ಪರೀಕ್ಷಿಸುವ ಹತ್ಯಾರವೂ ಹೌದು. ಈ ವಾದಕ್ಕೆ ಬೇಕಾದ ಎರಡು ಆಧಾರಗಳು ಸುರಪುರ ತಾಲೂಕಿನ ದೇವಾಪುರದ ಸುತ್ತಲಿನ ಸೀಮೆಯಲ್ಲೇ ಸಿಗುತ್ತವೆ. ಒಂದು ಬಹಳ ಹಳೆಯದು, ಕಲ್ಲಿನದು, ಇನ್ನೊಂದು ಕುಲುಮೆಯದು.

  

ಮೊದಲು ಕಲ್ಲಿನ ಆಧಾರ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1974ರಿಂದ ನಡೆಸಿದ ಶೋಧನೆ ಈ ಸೀಮೆಯನ್ನು ಜಗತ್ತಿನ ಪ್ರಾಗಿತಿಹಾಸದ ಭೂಪಟದಲ್ಲಿ ನಿಲ್ಲಿಸಿತು. ಆ ನೆಲೆಗಳಲ್ಲಿ ನಮಗೆ ಬೇಕಾದದ್ದು ಇಸಾಂಪುರ. 1997ರಿಂದ ಅಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕಿದ್ದು ವಾಸದ ನೆಲೆಯ ಚೆಲ್ಲಾಪಿಲ್ಲಿ ಉಳಿಕೆಗಳಷ್ಟೇ ಅಲ್ಲ, ಹತ್ಯಾರ ತಯಾರಿಸುತ್ತಿದ್ದ ಜಾಗ. ಕೆಲಸಕ್ಕೆ ತೆಗೆದ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳಿಂದ ಎದ್ದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೈಗೊಡಲಿಗಳು, ಹೊಡೆಯಲು ಬಳಸಿದ ಸುತ್ತಿಗೆಗಲ್ಲುಗಳು ಅಲ್ಲಿ ಒಟ್ಟಿಗೆ ಬಿದ್ದಿದ್ದವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿ ಕಟ್ಟಿದ ಕಾಲ ಸುಮಾರು 12 ಲಕ್ಷ ವರ್ಷ.

ಇಸಾಂಪುರದ ಕೈಗೊಡಲಿಗಳ ಅಂದಚೆಂದದ ಬಗ್ಗೆ ಬೇಕಾದಷ್ಟು ಬರವಣಿಗೆಯಿದೆ. ಹತ್ಯಾರ ಕೊಳ್ಳುವವನು ನೋಡಬೇಕಾದ್ದು ಸುತ್ತಿಗೆಗಲ್ಲನ್ನು. ಕೆಲಸದ ಕಲ್ಲು ಅಲ್ಲೇ ನೆಲದಲ್ಲಿ ಪದರ ಪದರವಾಗಿ ಸಿಗುತ್ತಿದ್ದ ಸಿಲಿಕಾಂಶವುಳ್ಳ ಸುಣ್ಣಕಲ್ಲು. ಚಪ್ಪಡಿಯ ದಪ್ಪ ನೋಡಿ ಆರಿಸುತ್ತಿದ್ದರು: ತೆಳುವಾದದ್ದನ್ನು ನೇರವಾಗಿ ಕೆತ್ತಿ ಕೈಗೊಡಲಿ ಮಾಡುವುದು, ದಪ್ಪದ್ದರಿಂದ ದೊಡ್ಡ ಚಕ್ಕೆ ಎಬ್ಬಿಸುವುದು. ಆದರೆ ಹೊಡೆಯುವ ಕಲ್ಲಿಗೆ ಅದೇ ಸುಣ್ಣಕಲ್ಲನ್ನು ನೆಚ್ಚಿಕೊಂಡಿರಲಿಲ್ಲ. ಬೆಣಚುಶಿಲೆ, ಬಸಾಲ್ಟ್, ಚರ್ಟ್ ಉಂಡೆಗಳನ್ನು ಸುತ್ತಲಿನ ಗರಸಿನಿಂದ ಆರಿಸಿ ತಂದಿದ್ದರು. ಮೋಸ್ ಮಾಪನದಲ್ಲಿ ಬೆಣಚಿನ ಗಡಸುತನ 7, ಶುದ್ಧ ಸುಣ್ಣಕಲ್ಲಿನ ಕ್ಯಾಲ್ಸೈಟಿನದು 3. ಸಿಲಿಕಾ ಸೇರಿದ ಸುಣ್ಣಕಲ್ಲು ಇವೆರಡರ ನಡುವೆ ಬರುತ್ತದೆ. ಕೆಲಸದ ವಸ್ತುವಿಗಿಂತ ಗಡಸಾದದ್ದನ್ನು ಮೊದಲು ಕೈಯಲ್ಲಿ ಹಿಡಿಯಬೇಕು, ಅದಕ್ಕಾಗಿ ನಾಲ್ಕು ಹೆಜ್ಜೆ ಆಚೆ ಹೋಗಬೇಕಾದರೂ ಸರಿ. ಆಯ್ಕೆಯ ಈ ಕ್ರಮ ಅಲ್ಲಿನ ಕಲ್ಲುಗಳಲ್ಲೇ ಕಾಣುತ್ತದೆ.

ಇಲ್ಲಿಂದ ಇಂದಿನ ಕುಲುಮೆಗೆ ಒಂದೇ ಎಳೆಯ ಪರಂಪರೆ ಹರಿದುಬಂದಿದೆ ಎಂದು ಯಾರಾದರೂ ಬರೆದರೆ ನಂಬಬೇಡಿ. ಇಸಾಂಪುರದವರು ನಮ್ಮ ಪ್ರಭೇದದ ಮನುಷ್ಯರೂ ಆಗಿರಲಿಲ್ಲ. ಇಲ್ಲಿ ಹೋಲುವುದು ಕೆಲಸದ ವಸ್ತುವಿಗಿಂತ ಗಡಸಾದದ್ದನ್ನು ಆರಿಸುವ ಸಮಸ್ಯೆ ಮಾತ್ರ.

ಕಬ್ಬಿಣದ ಕಾಲಕ್ಕೆ ಬಂದರೆ, 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಮೆಡೋಸ್ ಟೇಲರ್ ಆಡಳಿತದ ಜೊತೆಗೆ ಈ ಭಾಗದ ಬೃಹತ್ ಶಿಲಾ ಸಮಾಧಿಗಳನ್ನೂ ದಾಖಲಿಸಿದ. ರಾಜನಕೋಳೂರಿನ ಕಲ್ಲುಮನೆಗಳು ಅವನ ಬರವಣಿಗೆಯಿಂದಲೇ ಹೊರಗಿನವರಿಗೆ ತಿಳಿದವು. ಜೇವರ್ಗಿಯ ಬಳಿ ಅವನು ಅಗೆಸಿದ ಸಮಾಧಿಗಳಲ್ಲಿ ಕಬ್ಬಿಣದ ವಸ್ತುಗಳು ಸಿಕ್ಕಿದ್ದವು. ಆ ಸಮಾಧಿಗಳ ಕಾಲದಿಂದ ಈಚಿನ ಕಥೆ ಉದ್ದವಾದದ್ದು. 1705ರಲ್ಲಿ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ ಔರಂಗಜೇಬನ ಎದುರು ನಿಂತ ಬೇಡರ ಪಡೆಯ ಕೈಯಲ್ಲಿದ್ದ ಕಬ್ಬಿಣವನ್ನೂ ಯಾರೋ ಬಡಿದು ಹದ ಮಾಡಿರಲೇಬೇಕು. ಆದರೆ ಅರಸರ ಹೆಸರು ಉಳಿಯುವಂತೆ ಕಮ್ಮಾರರ ಹೆಸರು ಉಳಿಯುವುದಿಲ್ಲ. ಈ ಸೀಮೆಯಲ್ಲಿ ಅದಕ್ಕೊಂದು ದೊಡ್ಡ ಅಪವಾದ ತಿಂಥಣಿಯ ಮೌನೇಶ್ವರ. ಕೃಷ್ಣೆಯ ದಡದ ತಿಂಥಣಿ ಸುರಪುರ ತಾಲೂಕಿನದೇ. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬಿನ ಪಾಂಚಾಳರು ತಮ್ಮ ಗುರುವೆಂದು ನಡೆದುಕೊಳ್ಳುವ, ಹಿಂದೂ ಮುಸ್ಲಿಮರಿಬ್ಬರೂ ಸೇರುವ ಗದ್ದುಗೆ ಅದು. ಭಾರತ ಹುಣ್ಣಿಮೆಗೆ ಅಲ್ಲಿ ಜಾತ್ರೆ.

ಎರೆ ಹೊಲದ ಬೇಸಾಯ ಕಮ್ಮಾರನಿಗೆ ಕೊಡುತ್ತಿದ್ದ ಕೆಲಸ ಕುಳ, ಕುಂಟೆಯ ಕುಡ, ಕುಡುಗೋಲು, ಕೊಡಲಿ, ಬಂಡಿಯ ಹಳಿ. ಕೂಲಿ ನಗದಿನಲ್ಲಲ್ಲ, ಸುಗ್ಗಿಯಲ್ಲಿ ಆಯದ ಕಾಳಾಗಿ ಬರುತ್ತಿತ್ತು. ಈ ಪದ್ಧತಿಯ ನ್ಯಾಯಾನ್ಯಾಯ ಬೇರೆಯೇ ವಿಷಯ. ಹತ್ಯಾರದ ಗುಣದ ದೃಷ್ಟಿಯಿಂದ ಒಂದು ಮಾತು ಗಮನಿಸಬೇಕು: ಮಾಡಿದವನೂ ಬಳಸಿದವನೂ ಒಂದೇ ಊರಲ್ಲಿರುತ್ತಿದ್ದರು. ಕುಡ ಬೇಗ ಮೊಂಡಾದರೆ ರೈತ ಮರುದಿನವೇ ಕುಲುಮೆಯ ಮುಂದೆ ಬಂದು ಕೂರುತ್ತಿದ್ದ. ಗುಣಮಟ್ಟದ ಮುದ್ರೆ ಇಲ್ಲದೆ ಗುಣಮಟ್ಟ ಕಾಯುತ್ತಿದ್ದ ವ್ಯವಸ್ಥೆ ಅದು. 1980ರ ದಶಕದಿಂದ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದು, ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ, ಟ್ರ್ಯಾಕ್ಟರ್ ಬಂದಮೇಲೆ ಕುಲುಮೆಯ ಬಹುಪಾಲು ಕೆಲಸ ವೆಲ್ಡಿಂಗ್ ಅಂಗಡಿಗೆ ಹೋಯಿತು. ಈಗಿನ ಮನೆ ಕಾರ್ಖಾನೆ ಹುಟ್ಟುವುದು ಈ ಸಂದರ್ಭದಲ್ಲಿ. ಸ್ಪ್ರೇಯರಿನ ಮುರಿದ ಕೊಂಡಿ, ಪಂಪಿನ ಬುಶ್, ಗೇಟಿನ ಚಿಲಕ, ಮಕ್ಕಳ ಸೈಕಲ್ಲು. ಇವಕ್ಕಾಗಿ ಪ್ರತಿಸಲ ಸುರಪುರಕ್ಕೋ ಶಹಾಪುರಕ್ಕೋ ಓಡುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳೋಣ ಎನ್ನುವವರಿಗೆ ಕರೆಂಟಿನ ಹಂಗಿಲ್ಲದ ಕೈ ಹತ್ಯಾರಗಳೇ ಆಸರೆ.

ಇನ್ನು ಕುಲುಮೆಯ ಆಧಾರ. ಕಮ್ಮಾರನ ಜ್ಞಾನದ ತಿರುಳು ಹದ. ಚಾಣವನ್ನು, ಅಂದರೆ ಲೋಹ ಕಡಿಯುವ ಉಳಿಯನ್ನು, ಕೆಂಪಗೆ ಕಾಸಿ ತುದಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ತೆಗೆದು ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿ, ಮೇಲಿನ ಭಾಗದಲ್ಲಿ ಉಳಿದ ಶಾಖ ತುದಿಗೆ ಇಳಿಯುವುದನ್ನು ಬಣ್ಣದಲ್ಲಿ ನೋಡುತ್ತಾನೆ. ತೆಳು ಹುಲ್ಲಿನ ಹಳದಿ ಬಂದರೆ ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್, ಕಂದಿ ನೇರಳೆಗೆ ತಿರುಗಿದರೆ 260ರಿಂದ 280, ನೀಲಿಯಾದರೆ 300ರ ಆಸುಪಾಸು. ಹಳದಿಯಲ್ಲಿ ನಿಲ್ಲಿಸಿದರೆ ಗೀಚುವ ಹತ್ಯಾರಕ್ಕೆ ಒಳ್ಳೆಯದು, ಚಾಣಕ್ಕೆ ಗಡಸು ಹೆಚ್ಚಾಗಿ ಚಕ್ಕೆ ಹಾರುತ್ತದೆ. ನೇರಳೆ ಚಾಣಕ್ಕೆ, ನೀಲಿ ಸ್ಪ್ರಿಂಗಿಗೆ. ಬಣ್ಣ ಬಂದ ಕ್ಷಣ ಮತ್ತೆ ನೀರಿಗೆ. ಹೀಗೆ ಮಾಡಿದ ಚಾಣದ ಬಾಯಿ ಗಡಸು, ತಲೆ ಮೆದು. ಕಾರ್ಖಾನೆಯ ಒಳ್ಳೆಯ ಚಾಣದಲ್ಲೂ ಹೀಗೆಯೇ: ಬಾಯಿ ರಾಕ್‌ವೆಲ್ ಸಿ ಮಾಪನದಲ್ಲಿ 53ರ ಮೇಲೆ, ತಲೆ ಅದಕ್ಕಿಂತ ಬಹಳ ಕೆಳಗೆ. ತಲೆಯೂ ಬಾಯಿಯಷ್ಟೇ ಗಡಸಾದರೆ ಸುತ್ತಿಗೆಯ ಪೆಟ್ಟಿಗೆ ಚೂರು ಸಿಡಿದು ಕಣ್ಣಿಗೆ ಬಡಿಯುತ್ತದೆ. ಆದ್ದರಿಂದ ಹತ್ಯಾರದ ಗುಣ ಎಂದರೆ ಎಷ್ಟು ಗಡಸು ಎಂಬುದಲ್ಲ. ಎಲ್ಲಿ ಗಡಸು, ಎಲ್ಲಿ ಮೆದು ಎಂಬುದು.

ಅಂಗಡಿಯಲ್ಲಿ ಇದನ್ನು ತಿಳಿಯುವುದು ಹೇಗೆ? ಹೊಳಪು ಹೇಳುವುದಿಲ್ಲ. ಪಾನಾಗಳ ಮೇಲೆ ಒತ್ತಿದ ಕ್ರೋಮ್ ವೆನೇಡಿಯಂ ಎಂಬ ಅಕ್ಷರಗಳೂ ಹೇಳುವುದಿಲ್ಲ, ಆ ಅಕ್ಷರಗಳನ್ನು ಯಾರು ಬೇಕಾದರೂ ಒತ್ತಿಸಬಹುದು. ಭಾರತೀಯ ಮಾನಕ ಬ್ಯೂರೋದ ಮಾನಕಗಳಿವೆ: ಸುತ್ತಿಗೆಗೆ ಐ.ಎಸ್. 841, ಕಾನಸಿಗೆ ಐ.ಎಸ್. 1931, ಬೆಂಚ್ ವೈಸಿಗೆ ಐ.ಎಸ್. 2586. ಮುದ್ರೆಯಿದ್ದರೆ ಒಳ್ಳೆಯದೇ. ಇಲ್ಲದ ಕಡೆ ಹೇಳುವುದು ಕಾನಸು. ಒಳ್ಳೆಯ ಕಾನಸು ಸುಮಾರು ಶೇ. 1.2 ಇಂಗಾಲದ ಉಕ್ಕಿನದು, ಗಡಸುತನ ಅದೇ ರಾಕ್‌ವೆಲ್ ಸಿ ಮಾಪನದಲ್ಲಿ 60 ದಾಟಿರುತ್ತದೆ. ಕೈ ಹತ್ಯಾರಗಳ ಪೆಟ್ಟಿಗೆಯಲ್ಲಿ ಅದಕ್ಕಿಂತ ಗಡಸಾದದ್ದು ಹೆಚ್ಚೇನೂ ಇರುವುದಿಲ್ಲ. ಅದರ ಅಂಚನ್ನು ಚಾಣದ ತಲೆಗೆ ಆಡಿಸಿದರೆ ಸರಾಗವಾಗಿ ಕಚ್ಚಬೇಕು. ಬಾಯಿಗೆ ಆಡಿಸಿದರೆ ಕಚ್ಚಿಯೂ ಕಚ್ಚದಂತೆ ಜಾರಬೇಕು. ಎರಡೂ ಕಡೆ ಬೆಣ್ಣೆಯಂತೆ ಕಚ್ಚಿದರೆ ಅದು ಚಾಣವಲ್ಲ, ಚಾಣದ ಆಕಾರದ ಕಬ್ಬಿಣ. ಎರಡೂ ಕಡೆ ಜಾರಿದರೆ ಅಪಾಯ. ಸುತ್ತಿಗೆಯ ಮುಖ, ಪಂಚಿನ ತುದಿ, ಪಕ್ಕಡದ ಕತ್ತರಿಸುವ ಬಾಯಿ, ವೈಸಿನ ದವಡೆ ಎಲ್ಲಕ್ಕೂ ಇದೇ ಪರೀಕ್ಷೆ. (ಹೊಸ ಮಾಲಿನ ಮೇಲೆ ಕಾನಸು ಆಡಿಸುವ ಗಿರಾಕಿಯನ್ನು ಯಾವ ಅಂಗಡಿಯವನೂ ಪ್ರೀತಿಸುವುದಿಲ್ಲ. ಒಂದನ್ನು ಕೊಂಡು ಮನೆಯಲ್ಲಿ ಪರೀಕ್ಷಿಸಿ, ಸರಿಯಿದ್ದರೆ ಅದೇ ಕಂಪನಿಯ ಉಳಿದವಕ್ಕೆ ಹೋಗುವುದು ಮರ್ಯಾದೆ.)

ಪರೀಕ್ಷಕನನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಲಾರಿಯ ಪಾಟಾದ (ಸ್ಪ್ರಿಂಗ್ ಪಟ್ಟಿಯ) ತುಂಡು ಯಾವ ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಅದರ ಗಡಸುತನ ಸಾಮಾನ್ಯವಾಗಿ 40ರಿಂದ 48ರ ನಡುವೆ. ಒಳ್ಳೆಯ ಕಾನಸು ಅದನ್ನು ಸ್ಪಷ್ಟವಾಗಿ ಕಚ್ಚಿ ಪುಡಿ ಉದುರಿಸುತ್ತದೆ, ಆಮೇಲೂ ಹಲ್ಲಿನ ತುದಿ ಬೆಳ್ಳಗೆ ಮಿನುಗುವುದಿಲ್ಲ. ಕಳಪೆ ಕಾನಸಿನ ಹಲ್ಲು ನಾಲ್ಕಾರು ಉಜ್ಜಿಗೇ ಹೊಳೆಯತೊಡಗುತ್ತದೆ. ಹೊಳಪು ಮೊಂಡಾದ ಗುರುತು. ಬಾಟಲಿಯ ಗಾಜನ್ನು ಕಾನಸಿನ ಮೂಲೆ ಗೀರಬೇಕು, ಇದು ಇನ್ನೊಂದು ಪರೀಕ್ಷೆ. ಮೂರನೆಯದು ಕಿವಿಯದು: ಬಾಲವನ್ನು ಬೆರಳಲ್ಲಿ ಸಡಿಲವಾಗಿ ತೂಗಿಬಿಟ್ಟು ತಟ್ಟಿದರೆ ನಾದ ಬರಬೇಕು. ನೀರು ಕೊಡುವಾಗ ಬಿರುಕು ಬಿಟ್ಟಿದ್ದರೆ ಸದ್ದು ಒಡೆದಿರುತ್ತದೆ. ಉದ್ದಕ್ಕೆ ಕಣ್ಣಿಟ್ಟು ನೋಡಿದರೆ ಚಪ್ಪಟೆ ಕಾನಸಿನ ಮುಖ ನಡುವೆ ಒಂದಿಷ್ಟು ಉಬ್ಬಿರಬೇಕು. ಹೊಸಬರು ಇದನ್ನು ಸೊಟ್ಟವೆಂದು ತಳ್ಳಿಬಿಡುತ್ತಾರೆ. ಆ ಉಬ್ಬು ಬೇಕೆಂದೇ ಮಾಡಿದ್ದು. ನೂಕುವಾಗ ಕೈ ಒಂದಿಷ್ಟು ತೂಗಿದರೂ ಕೆಲಸದ ಅಂಚುಗಳು ಹೆಚ್ಚು ಸವೆಯದೆ ಮಟ್ಟ ಬರುವುದು ಆ ಉಬ್ಬಿನಿಂದಲೇ. ಒಳಬಾಗಿದ್ದರೆ ಮಾತ್ರ ಬಿಡಬೇಕು.

ಕಾನಸಿನ ಒರಟು, ಮಧ್ಯಮ, ನಯ ಎಂಬ ದರ್ಜೆ ಉದ್ದವನ್ನು ಅವಲಂಬಿಸಿದೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 300 ಮಿ.ಮೀ. ಒರಟು ಕಾನಸಿನ ಹಲ್ಲು 150 ಮಿ.ಮೀ. ಒರಟು ಕಾನಸಿನ ಹಲ್ಲಿಗಿಂತ ದೊಡ್ಡದು. ಉದ್ದದ ಲೆಕ್ಕದಲ್ಲಿ ಹಿಡಿಯೊಳಗೆ ಹೋಗುವ ಬಾಲ ಸೇರುವುದಿಲ್ಲ. ಮನೆಗೆ 300ರ ಚಪ್ಪಟೆ ಒರಟು, 250ರ ಚಪ್ಪಟೆ ಮಧ್ಯಮ, 200ರ ಅರ್ಧದುಂಡಗಿನ ಮಧ್ಯಮ, ಸಣ್ಣದೊಂದು ದುಂಡು, ಒಂದು ಮೂರುಮೂಲೆ ಸಾಕು. ಬಾಲಕ್ಕೆ ಹಿಡಿ ಹಾಕದೆ ಉಜ್ಜಿದರೆ ಅಂಗೈ ಸೀಳುತ್ತದೆ. ಹೊಸ ಕಾನಸನ್ನು ಮೊದಲು ಹಿತ್ತಾಳೆಗೆ ಬಳಸಿ, ಹರಿತ ಕುಗ್ಗಿದಾಗ ಉಕ್ಕಿಗೆ ಇಳಿಸುವುದು ಹಳೆಯ ಫಿಟ್ಟರುಗಳ ಪದ್ಧತಿ. ಜಾರುವ ಹಿತ್ತಾಳೆಗೆ ಹರಿತ ಹಲ್ಲೇ ಬೇಕು, ಉಕ್ಕು ಅರೆ ಸವೆದ ಹಲ್ಲನ್ನೂ ಸಹಿಸುತ್ತದೆ. ಕಾನಸುಗಳನ್ನು ಒಂದರ ಮೇಲೊಂದು ಪೆಟ್ಟಿಗೆಯಲ್ಲಿ ಒಗೆದಿಟ್ಟರೆ ಅವು ಪರಸ್ಪರ ಮೊಂಡು ಮಾಡಿಕೊಳ್ಳುತ್ತವೆ. ಮಾರುಕಟ್ಟೆಯಲ್ಲಿ ರತ್ನಾಗಿರಿ, ಚಿಪಳೂಣ ಕಡೆ ತಯಾರಾಗುವ ಜೆ.ಕೆ. ಕಾನಸುಗಳು ಎಲ್ಲೆಡೆ ಸಿಗುತ್ತವೆ, ಅವುಗಳ ನಕಲೂ ಸಿಗುತ್ತದೆ. ಆದ್ದರಿಂದ ಹೆಸರು ನೋಡಿ ಕೊಂಡರೂ ಪಾಟಾದ ತುಂಡಿನ ಪರೀಕ್ಷೆ ಬಿಡಬಾರದು.

ವೈಸಿನ ವಿಷಯದಲ್ಲಿ ತೂಕವೇ ಗುಣ ಎಂಬ ನಂಬಿಕೆ ಅರ್ಧ ಸತ್ಯ. ಸಾಮಾನ್ಯ ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಎಸಳುಗಳಾಗಿ ಹರಡಿರುತ್ತದೆ, ಪೆಟ್ಟು ಬಿದ್ದರೆ ಬಿರುಕು ಆ ಎಸಳುಗಳ ಗುಂಟ ಓಡುತ್ತದೆ. ಎಸ್.ಜಿ. ಕಬ್ಬಿಣದಲ್ಲಿ ಅದೇ ಗ್ರಾಫೈಟ್ ಗುಂಡುಗುಂಡಾಗಿರುವುದರಿಂದ ಬಿರುಕಿಗೆ ದಾರಿ ಸಿಗುವುದಿಲ್ಲ. ಹಣವಿದ್ದರೆ ಎರಡನೆಯದು. 100 ಮಿ.ಮೀ. ದವಡೆ ಮನೆಗೆಲಸಕ್ಕೆ ಸಾಕು. ದವಡೆಯ ಗಡಸು ಪಟ್ಟಿಗಳು ಸ್ಕ್ರೂ ಬಿಚ್ಚಿ ಬದಲಿಸುವಂತಿರಬೇಕು. ಎರಡು ಕಾಗದದ ಚೀಟಿಗಳನ್ನು ದವಡೆಯ ಎರಡು ತುದಿಗೆ ಇಟ್ಟು ಬಿಗಿದರೆ ಎರಡೂ ಒಂದೇ ಸಮ ಹಿಡಿಯಬೇಕು, ಒಂದು ಜಾರಿ ಬಂದರೆ ದವಡೆ ಸಮವಿಲ್ಲ. ಕಟ್ಟುವಾಗ ದವಡೆಯ ಮೇಲಂಚು ಮೊಣಕೈ ಮಟ್ಟಕ್ಕೆ ಬರಲಿ. ಎರೆಮಣ್ಣಿನ ದೂಳು ಗ್ರೀಸಿಗೆ ಅಂಟಿ ಸ್ಕ್ರೂವನ್ನು ತಿನ್ನುತ್ತದೆ. ಈ ಸೀಮೆಯಲ್ಲಿ ಕರಾವಳಿಯವರಿಗಿರುವ ತುಕ್ಕಿನ ಕಾಟಕ್ಕಿಂತ ಇದೇ ದೊಡ್ಡದು, ಹಳೆಯ ಗ್ರೀಸು ಒರೆಸದೆ ಹೊಸದು ಹಾಕಬೇಡಿ.

ಹ್ಯಾಕ್ಸಾದಲ್ಲಿ ಚೌಕಟ್ಟಿಗಿಂತ ಬ್ಲೇಡಿಗೆ ಹಣ ಹಾಕಬೇಕು. ಗಡಸು ಹಲ್ಲಿನ ಪಟ್ಟಿಯನ್ನು ಬಾಗುವ ಬೆನ್ನಿಗೆ ಬೆಸೆದ ಬೈಮೆಟಲ್ ಬ್ಲೇಡು ಮುರಿಯುವುದು ಅಪರೂಪ. ಕಮ್ಮಾರನ ಚಾಣದ ತತ್ವವೇ ಇಲ್ಲಿಯೂ ಇದೆ. ಹಲ್ಲಿನ ಲೆಕ್ಕ ಅಂಗುಲಕ್ಕೆ 18, 24, 32. ಕೊಯ್ಯುವ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲು ಕೂತಿರಬೇಕು. 18 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸುಮಾರು 1.4 ಮಿ.ಮೀ., ಅದರಲ್ಲಿ 1 ಮಿ.ಮೀ. ತಗಡು ಕೊಯ್ದರೆ ತಗಡು ಎರಡು ಹಲ್ಲಿನ ನಡುವಿನ ಸಂದಿಗೆ ಬಿದ್ದು ಹಲ್ಲು ಕಿತ್ತುಹೋಗುತ್ತದೆ. 5, 6 ಮಿ.ಮೀ. ಪಟ್ಟಿಗೆ 18, 3 ಮಿ.ಮೀ. ಆಂಗಲ್ಲಿಗೂ ಪೈಪಿಗೂ 24, ತಗಡಿಗೆ 32. ತಗಡು ತೀರ ತೆಳುವಾದರೆ ಎರಡು ಮರದ ಪಟ್ಟಿಗಳ ನಡುವೆ ಹಿಡಿದು ಮರದೊಂದಿಗೇ ಕೊಯ್ಯುವುದು.

ಸುತ್ತಿಗೆ 450 ಗ್ರಾಮಿನ ಗುಂಡುತಲೆಯದು, ಕಾವಿನ ಮರದ ಎಳೆ ಕಾವಿನ ಉದ್ದಕ್ಕೂ ತುಂಡಾಗದೆ ಓಡಿರಬೇಕು. ಈ ಭಾಗದಲ್ಲಿ ಕರಿಜಾಲಿ ಇರುವಾಗ ಬಣ್ಣ ಬಳಿದ ಕಾವಿಗೆ ಮರುಳಾಗುವ ಅಗತ್ಯವಿಲ್ಲ. ಬಣ್ಣ ಬಿರುಕನ್ನೂ ಮುಚ್ಚುತ್ತದೆ.

ಅಳತೆಯ ಸಾಮಾನಿಗೆ ಕಾನಸಿನ ಪರೀಕ್ಷೆ ನಡೆಯದು, ಅಲ್ಲಿ ಸಾಮಾನನ್ನು ಅದರಿಂದಲೇ ಪರೀಕ್ಷಿಸಬೇಕು. ಟ್ರೈ ಸ್ಕ್ವೇರನ್ನು ನೇರ ಅಂಚಿಗೆ ಆನಿಸಿ ಗೆರೆ ಎಳೆದು, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಗೆರೆಗಳು ಕೂಡಿದರೆ ಸರಿ. 100 ಮಿ.ಮೀ. ಎತ್ತರದಲ್ಲಿ ಗೆರೆಗಳ ನಡುವೆ 0.4 ಮಿ.ಮೀ. ಅಂತರ ಬಿದ್ದರೆ ಸ್ಕ್ವೇರಿನ ದೋಷ ಅದರ ಅರ್ಧ, 0.2 ಮಿ.ಮೀ. ಹೀಗೆ ದೋಷ ಇಮ್ಮಡಿಯಾಗಿ ಕಾಣುವುದರಿಂದ ಬರಿಗಣ್ಣಿಗೂ ಸಿಗುತ್ತದೆ. ವರ್ನಿಯರ್ ಕ್ಯಾಲಿಪರಿನ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಾಣಬಾರದು, ಸೊನ್ನೆ ಸೊನ್ನೆಗೆ ಕೂರಬೇಕು. ಟ್ಯಾಪುಗಳನ್ನು ಪೆಟ್ಟಿಗೆಯಾಗಿ ಕೊಳ್ಳುವುದು ದಂಡ. ಎಂ6, ಎಂ8, ಎಂ10 ಸಾಕು, ರಂಧ್ರ ಕ್ರಮವಾಗಿ 5, 6.8, 8.5 ಮಿ.ಮೀ.

ಏನೇನು ಬೇಕೆಂಬ ಪಟ್ಟಿಗೆ ಅಂಗಡಿಯವನನ್ನಾಗಲಿ ಜಾಹೀರಾತನ್ನಾಗಲಿ ಕೇಳಬೇಕಾಗಿಲ್ಲ. ಐ.ಟಿ.ಐ. ಫಿಟ್ಟರ್ ವಿಭಾಗದ ಪಠ್ಯಕ್ರಮದಲ್ಲಿ ಪ್ರತಿ ವಿದ್ಯಾರ್ಥಿಗೆ ಕೊಡಬೇಕಾದ ಹತ್ಯಾರಗಳ ಯಾದಿಯಿದೆ: ಉಕ್ಕಿನ ಅಳತೆಪಟ್ಟಿ, ಸ್ಕ್ವೇರ್, ಡಿವೈಡರ್, ಕ್ಯಾಲಿಪರುಗಳು, ಸ್ಕ್ರೈಬರ್, ಸೆಂಟರ್ ಪಂಚ್, ಚಾಣ, ಗುಂಡುತಲೆ ಸುತ್ತಿಗೆ, ಹ್ಯಾಕ್ಸಾ, ಎರಡು ಮೂರು ಕಾನಸು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಪ್ರಾಮಾಣಿಕ ಪಟ್ಟಿ ಇಲ್ಲ. ಇದರಲ್ಲಿ ಪಾನಾ ಪೆಟ್ಟಿಗೆ ಎಲ್ಲೂ ಮೊದಲ ಸ್ಥಾನದಲ್ಲಿಲ್ಲ.

ಉಳಿಯುವ ಪ್ರಶ್ನೆ ಯಾವುದನ್ನು ಎಲ್ಲಿಂದ ತರಬೇಕು ಎಂಬುದು. ಕಾನಸಿನ ಹಲ್ಲು ಕಡಿಯುವುದು, ಬ್ಲೇಡು ಬೆಸೆಯುವುದು, ಅಳತೆಪಟ್ಟಿಗೆ ಗೆರೆ ಹಾಕುವುದು ಯಂತ್ರದ ಕೆಲಸ, ಇವಕ್ಕೆ ಕಾರ್ಖಾನೆಯ ಮಾಲೇ ಬೇಕು, ಇವುಗಳಲ್ಲಿ ಕಾಸು ಉಳಿಸಬಾರದು. ಚಾಣ, ಪಂಚು, ಇಕ್ಕಳಗಳ ಮಾತು ಹಾಗಲ್ಲ. ಪಾಟಾದ ಉಕ್ಕಿನಲ್ಲಿ ಶೇ. 0.5ರಿಂದ 0.6ರವರೆಗೆ ಇಂಗಾಲವಿರುತ್ತದೆ, ಹದವರಿತ ಕೈಯಲ್ಲಿ ಅದು ಹೆಸರಿಲ್ಲದ ಬಜಾರು ಚಾಣಕ್ಕಿಂತ ಮೇಲಾದ ಚಾಣವಾಗುತ್ತದೆ. ಮೊಂಡಾದರೆ ಮತ್ತೆ ಕಾಸಿ ನೀರು ಕೊಡುವವನೂ ಹತ್ತಿರದಲ್ಲೇ ಇರುತ್ತಾನೆ. ಸುರಪುರ, ಹುಣಸಗಿ, ಶಹಾಪುರ ಸೀಮೆಯಲ್ಲಿ ಕುಲುಮೆ ಇನ್ನೂ ಉರಿಯುತ್ತಿರುವ ಊರಿನವರು ಚಾಣವನ್ನು ಅಂಗಡಿಯಿಂದ ತರಬೇಡಿ. ಕಮ್ಮಾರನಿಗೆ ಹೇಳಿ ಮಾಡಿಸಿ, ಕಾಳಿನ ಬದಲು ನಗದು ಕೊಡಿ, ಆಮೇಲೆ ನಿಮ್ಮ ಕಾನಸು ಹಚ್ಚಿ ನೋಡಿ.